ಕೆಪ್ಲರನ ತಾಯಿಯ ಮೇಲೆ ಮಾಟದ ಮೊಕದ್ದಮೆ

ವಿಜ್ಞಾನ ತೆಗೆದುಕೊಂಡು ಪಿ.ಯು.ಸಿ. ಓದಿದ ಯಾರಿಗೂ ಯೊಹಾನೆಸ್ ಕೆಪ್ಲರನ ಹೆಸರು ಹೊಸದಲ್ಲ. ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಆರಂಭವಾಗುವ ಮೂರು ನಿಯಮಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಗಳಿಸಿ ಮರೆತವರೇ ಹೆಚ್ಚು. ಆ ಮೂರನೆಯ ನಿಯಮ ಹೊಳೆದ ದಿನಗಳಲ್ಲಿ ಅದನ್ನು ಕಂಡುಹಿಡಿದವನ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಹೇಳಲು ಅಲ್ಲಿ ಜಾಗವೂ ಇರುವುದಿಲ್ಲ, ಬಿಡಿ. ಎಪ್ಪತ್ತು ದಾಟಿದ ಆತನ ತಾಯಿಯನ್ನು ಊರವರು ಮಾಟಗಾತಿ ಎಂದು ಕರೆಯುತ್ತಿದ್ದರು. ಆರೋಪ ಸಾಬೀತಾದರೆ ಆಕೆಗೆ ಕಾದಿದ್ದದ್ದು ಬೆಂಕಿ.

ಅದು ಬರಿಯ ಬೆದರಿಕೆಯ ಮಾತಾಗಿರಲಿಲ್ಲ. ಹದಿನೈದನೆಯ ಶತಮಾನದ ನಡುವಿನಿಂದ ಹದಿನೆಂಟನೆಯ ಶತಮಾನದ ನಡುವಿನವರೆಗೆ ಯೂರೋಪಿನಲ್ಲಿ ಮಾಟದ ಆರೋಪ ಹೊತ್ತು ಪ್ರಾಣ ತೆತ್ತವರು ಸುಮಾರು 40ರಿಂದ 50 ಸಾವಿರ ಮಂದಿ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ಜರ್ಮನ್ ಭಾಷೆಯ ನಾಡುಗಳವರು. ಗಲಿಲಿಯೋ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ ಕಾಲವೂ, ಹಳ್ಳಿಯ ಮುದುಕಿಯರನ್ನು ಕಂಬಕ್ಕೆ ಕಟ್ಟಿ ಸುಟ್ಟ ಕಾಲವೂ ಒಂದೇ. ವಿಜ್ಞಾನದ ಬೆಳಕು ಬಂದೊಡನೆ ಕತ್ತಲೆ ಓಡಿತು ಎಂದು ಭಾಷಣಗಳಲ್ಲಿ ಹೇಳುವುದು ಸುಲಭ. ನಡೆದದ್ದು ಹಾಗಲ್ಲ.

ಕಥರೀನಾ ಹುಟ್ಟಿದ್ದು 1547ರ ಸುಮಾರಿಗೆ, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲಿಯೋನ್‌ಬರ್ಗ್ ಪಟ್ಟಣಕ್ಕೆ ಹೊಂದಿಕೊಂಡ ಎಲ್ಟಿಂಗೆನ್ ಎಂಬ ಹಳ್ಳಿಯಲ್ಲಿ. ತಂದೆ ಊರ ಪಟೇಲಿಕೆಯಂಥ ಅಧಿಕಾರ ಹೊಂದಿದ್ದವನು. ಗಂಡ ಹೈನ್ರಿಖ್ ಹಣಕ್ಕಾಗಿ ಯಾರ ಪರವಾಗಿಯಾದರೂ ಕಾದಾಡುವ ಕೂಲಿ ಸೈನಿಕ. ಮನೆಯಲ್ಲಿದ್ದಾಗ ಜಗಳ, ಇಲ್ಲದಾಗ ಕಷ್ಟ. ಹುಟ್ಟಿದ ಏಳು ಮಕ್ಕಳಲ್ಲಿ ಬದುಕಿ ದೊಡ್ಡವರಾದವರು ನಾಲ್ವರು. 1571ರ ಡಿಸೆಂಬರ್ 27ರಂದು ಹುಟ್ಟಿದ ಯೊಹಾನೆಸ್ ಅವರಲ್ಲಿ ಹಿರಿಯ. ಮಗನಿಗೆ ಹದಿನೇಳರ ಪ್ರಾಯ ಇರುವಾಗ ತಂದೆ ಮತ್ತೊಮ್ಮೆ ಯುದ್ಧಕ್ಕೆಂದು ಹೊರಟವನು ತಿರುಗಿ ಬರಲೇ ಇಲ್ಲ. ಓದು ಬರಹ ಬಾರದ ಕಥರೀನಾ ಹೊಲ, ಹಸು, ಸಾಲ ಸೋಲ ಎಲ್ಲವನ್ನೂ ಒಬ್ಬಳೇ ನಿಭಾಯಿಸಿ ಮಕ್ಕಳನ್ನು ದಡ ಸೇರಿಸಿದಳು.

1577ರ ಕೊನೆಯಲ್ಲಿ ಯೂರೋಪಿನ ಆಕಾಶದಲ್ಲಿ ಒಂದು ದೊಡ್ಡ ಧೂಮಕೇತು ಕಾಣಿಸಿಕೊಂಡಿತು. ಕಥರೀನಾ ಆರು ವರ್ಷದ ಮಗನನ್ನು ಊರಾಚೆಯ ಎತ್ತರದ ಜಾಗಕ್ಕೆ ಕರೆದೊಯ್ದು ಅದನ್ನು ತೋರಿಸಿದಳು. ಎಳವೆಯಲ್ಲಿ ಸಿಡುಬು ಬಂದು ಆ ಹುಡುಗನ ಕಣ್ಣು ಮಂದವಾಗಿತ್ತು, ಕೈಬೆರಳುಗಳು ಸೊಟ್ಟಗಾಗಿದ್ದವು. ಆದರೂ ಆ ದೃಶ್ಯವನ್ನು ಆತ ಮರೆಯಲಿಲ್ಲ. ದೊಡ್ಡವನಾದ ಮೇಲೆ ಬರೆದಿಟ್ಟ. ಹಾಗೆಂದು ತಾಯಿಯನ್ನು ದೇವತೆ ಮಾಡಿ ಕೂರಿಸಿದವನೂ ಅಲ್ಲ. ಇಪ್ಪತ್ತೈದು ದಾಟಿದಾಗ ತನ್ನ ಮನೆಯವರ ಜಾತಕಗಳನ್ನು ಗುರುತು ಹಾಕುತ್ತ, ತಾಯಿ ಕುಳ್ಳಿ, ಸಣಕಲು, ಕಪ್ಪು, ಬಾಯಿ ಜೋರು, ಜಗಳಗಂಟಿ ಎಂದು ನಿರ್ದಾಕ್ಷಿಣ್ಯವಾಗಿ ಬರೆದಿದ್ದಾನೆ. ಮುಂದೆ ಆಕೆಯ ಪ್ರಾಣಕ್ಕಾಗಿ ಹೋರಾಡಿದವನೂ ಇದೇ ಮಗ. ಬಾಯಿ ಜೋರಾಗಿರುವುದು ಸಾಯುವಂಥ ಅಪರಾಧವಲ್ಲ ಎಂಬುದು ಆತನಿಗೆ ಗೊತ್ತಿತ್ತು.

ಜಗಳದ ಮೂಲ ತೀರ ಸಣ್ಣದು. ಕಥರೀನಾಳ ಕಿರಿಯ ಮಗ ಕ್ರಿಸ್ಟಾಫ್ ತವರದ ಪಾತ್ರೆ ಮಾಡುವ ಕಸುಬಿನವನು. ಕಿಟಕಿಗೆ ಗಾಜು ಕೂರಿಸುವವನ ಹೆಂಡತಿ ಉರ್ಸುಲಾ ರೈನ್‌ಬೋಲ್ಡ್ ಎಂಬಾಕೆಗೂ ಈತನಿಗೂ ಮನಸ್ತಾಪ ಬಂತು. ಕಥರೀನಾ ಸಹಜವಾಗಿಯೇ ಮಗನ ಕಡೆ ನಿಂತಳು. ಉರ್ಸುಲಾಗೆ ಮೊದಲಿನಿಂದಲೂ ದೇಹಾಲಸ್ಯ ಇತ್ತು. 1615ರಲ್ಲಿ ಆಕೆ, ಕೆಲವು ವರ್ಷಗಳ ಹಿಂದೆ ಕಥರೀನಾ ತನಗೆ ಕುಡಿಯಲು ಕೊಟ್ಟ ಕಹಿ ಪಾನೀಯದಿಂದಲೇ ಈ ಕಾಯಿಲೆ ಅಂಟಿಕೊಂಡಿತು ಎಂದು ಊರೆಲ್ಲ ಹೇಳತೊಡಗಿದಳು. ಕಥರೀನಾ ಗಿಡಮೂಲಿಕೆ ತಂದು ಕಷಾಯ ಮಾಡಿಡುವ ಅಭ್ಯಾಸದವಳು, ಬಂದವರಿಗೂ ಕೊಡುತ್ತಿದ್ದಳು. ಆ ಕಾಲದ ಯಾವ ಅಜ್ಜಿ ಹಾಗೆ ಮಾಡುತ್ತಿರಲಿಲ್ಲ?

ಉರ್ಸುಲಾಗೆ ಊರ್ಬಾನ್ ಎಂಬ ಅಣ್ಣನಿದ್ದ. ಕ್ಷೌರವನ್ನೂ ಶಸ್ತ್ರವೈದ್ಯವನ್ನೂ ಒಟ್ಟಿಗೆ ಮಾಡುವ ಕಸುಬು. ಆಳುವ ಮನೆತನದಲ್ಲಿ ನೌಕರಿ ಬೇರೆ. ಆತನಿಗೆ ಲಿಯೋನ್‌ಬರ್ಗಿನ ಅಧಿಕಾರಿ ಐನ್‌ಹಾರ್ನ್ ಗೆಳೆಯ. ಹಳೆಯ ಮೈಸೂರಿನ ಅಮಲ್ದಾರರಂತೆ ಕಂದಾಯ, ಪೊಲೀಸು, ನ್ಯಾಯ ಮೂರೂ ಒಂದೇ ಕೈಯಲ್ಲಿದ್ದ ಹುದ್ದೆ ಅದು. 1615ರ ಆಗಸ್ಟ್‌ನಲ್ಲಿ ಒಂದು ದಿನ ಇಬ್ಬರೂ ಕುಡಿದ ಅಮಲಿನಲ್ಲಿ ಕಥರೀನಾಳನ್ನು ಕಚೇರಿಗೆ ಕರೆಸಿದರು. ಊರ್ಬಾನ್ ಕತ್ತಿಯನ್ನು ಆಕೆಯ ಎದೆಗೆ ಹಿಡಿದು, ತಂಗಿಗೆ ಹಾಕಿದ ಮಾಟವನ್ನು ಈಗಲೇ ತೆಗೆ ಎಂದ. ಮುದುಕಿ ಒಪ್ಪಲಿಲ್ಲ. ಹೆದರಿ ಏನಾದರೂ ಮಂತ್ರದಂತೆ ಗೊಣಗಿದ್ದರೆ, ಹಾಕಿದ್ದು ನಿಜ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಅಕ್ಷರ ಬಾರದ ಹೆಂಗಸು ಆ ಗಳಿಗೆಯಲ್ಲಿ ತೋರಿದ ಎಚ್ಚರ ಸಾಮಾನ್ಯವಾದುದಲ್ಲ.

ಮಕ್ಕಳು ಉರ್ಸುಲಾ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. ಕತ್ತಿಯ ಪ್ರಸಂಗ ಹೊರಬಿದ್ದರೆ ಸ್ವತಃ ಐನ್‌ಹಾರ್ನನ ಹುದ್ದೆಗೇ ಸಂಚಕಾರ. ಹೀಗಾಗಿ ದೂರಿನ ವಿಚಾರಣೆ ತಿಂಗಳಿಂದ ತಿಂಗಳಿಗೆ ಮುಂದಕ್ಕೆ ಹೋಯಿತು. ಕೊನೆಗೊಮ್ಮೆ 1616ರ ಅಕ್ಟೋಬರ್‌ನಲ್ಲಿ ದಿನ ಗೊತ್ತಾಯಿತು. ಅದಕ್ಕೆ ಕೆಲವೇ ದಿನ ಇರುವಾಗ ಇನ್ನೊಂದು ಕಥೆ ಹುಟ್ಟಿಕೊಂಡಿತು: ಇಟ್ಟಿಗೆ ಗೂಡಿಗೆ ಇಟ್ಟಿಗೆ ಹೊರುತ್ತಿದ್ದ ಹುಡುಗಿಯೊಬ್ಬಳ ತೋಳನ್ನು ದಾರಿಯಲ್ಲಿ ಎದುರಾದ ಕಥರೀನಾ ಮುಟ್ಟಿದಳಂತೆ, ಕೈ ಜೋಮು ಹಿಡಿಯಿತಂತೆ. ಈ ಸಲ ಕಥರೀನಾ ಒಂದು ಕೆಲಸ ಕೆಡಿಸಿಕೊಂಡಳು. ಪ್ರಕರಣ ಬಿಟ್ಟುಬಿಡು ಎಂದು ಐನ್‌ಹಾರ್ನನಿಗೆ ಬೆಳ್ಳಿಯ ಬಟ್ಟಲು ಕೊಡಲು ಹೋದಳು. ಆತ ಅದನ್ನೇ ಸಾಕ್ಷಿಯಾಗಿ ಬರೆದುಕೊಂಡ. ಮಕ್ಕಳು ಅವಸರದಿಂದ ತಾಯಿಯನ್ನು ಆಸ್ಟ್ರಿಯದ ಲಿಂಟ್ಸ್ ನಗರಕ್ಕೆ, ಹಿರಿಯ ಮಗನ ಮನೆಗೆ ಸಾಗಿಸಿದರು. ಓಡಿಹೋದದ್ದೂ ಆಕೆಯ ವಿರುದ್ಧವೇ ಲೆಕ್ಕಕ್ಕೆ ಬಂತು.

ಯೊಹಾನೆಸ್ ಆಗ ಚಕ್ರವರ್ತಿಯ ಆಸ್ಥಾನ ಗಣಿತಜ್ಞ. ದೊಡ್ಡ ಬಿರುದು; ಸಂಬಳ ಮಾತ್ರ ಸಮಯಕ್ಕೆ ಬರುತ್ತಿರಲಿಲ್ಲ. ಮೊದಲ ಎರಡು ನಿಯಮಗಳನ್ನು 1609ರಲ್ಲೇ ಪ್ರಕಟಿಸಿದ್ದ. ತಾಯಿಯ ಸುದ್ದಿ ಪತ್ರದಲ್ಲಿ ಮೊದಲು ತಲುಪಿದ್ದು 1615ರ ಡಿಸೆಂಬರ್‌ನಲ್ಲಿ. 1616ರ ಹೊಸ ವರ್ಷದ ಎರಡನೆಯ ದಿನವೇ ಲಿಯೋನ್‌ಬರ್ಗಿನ ಆಡಳಿತಕ್ಕೆ ಖಾರವಾದ ಕಾಗದ ಬರೆದು, ಇಡೀ ಕಡತದ ನಕಲು ಕಳುಹಿಸಿ ಎಂದು ಕೇಳಿದ. ತಾಯಿ ತಿಂಗಳುಗಟ್ಟಲೆ ಲಿಂಟ್ಸ್‌ನಲ್ಲಿದ್ದಳು. ಆದರೆ ಹಳೆಯ ಜೀವಕ್ಕೆ ಪರಊರು ಹಿಡಿಸಲಿಲ್ಲ. 1617ರಲ್ಲಿ ಹಟ ಹಿಡಿದು ಹಿಂದಿರುಗಿದಳು.

ಆ ವರ್ಷದ ಕೊನೆ ಕೆಪ್ಲರನ ಪಾಲಿಗೆ ಕೆಟ್ಟದ್ದು. ಆರು ತಿಂಗಳ ಅವಧಿಯಲ್ಲಿ ಇಬ್ಬರು ಎಳೆಯ ಹೆಣ್ಣುಮಕ್ಕಳೂ ಮೊದಲ ಹೆಂಡತಿಯ ಕಡೆಯ ಮಲಮಗಳೂ ತೀರಿಕೊಂಡರು. ಗ್ರಹಸ್ಥಾನಗಳ ದೊಡ್ಡ ಕೋಷ್ಟಕದ ಲೆಕ್ಕ ಮಾಡಲು ಮನಶ್ಶಾಂತಿ ಬೇಕು, ಅದು ಇಲ್ಲ ಎಂದು ಆ ಕೆಲಸವನ್ನು ಬದಿಗಿಟ್ಟ. ಅದರ ಬದಲು, ವಿಶ್ವದ ರಚನೆಯಲ್ಲಿ ಸಂಗೀತದಂಥ ಮೇಳ ಇದೆ ಎಂಬ ತನ್ನ ಹಳೆಯ ಗೀಳಿಗೆ ಮರಳಿದ. 1618ರ ಮಾರ್ಚ್ 8ರಂದು ಒಂದು ಸಂಬಂಧ ತಲೆಗೆ ಹೊಳೆಯಿತು. ಲೆಕ್ಕ ಹಾಕುವಾಗ ಎಲ್ಲೋ ತಪ್ಪಾಗಿ, ಸರಿಹೋಗದು ಎಂದು ತಳ್ಳಿಹಾಕಿದ. ಮೇ 15ರಂದು ಅದೇ ಯೋಚನೆ ಮತ್ತೆ ಬಂತು. ಈ ಸಲ ಲೆಕ್ಕ ಕೂಡಿಬಂತು. ಗ್ರಹವೊಂದು ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವ ಕಾಲದ ವರ್ಗ, ಸೂರ್ಯನಿಂದ ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಗುರುಗ್ರಹವನ್ನೇ ತೆಗೆದುಕೊಳ್ಳಿ. ಭೂಮಿಯ ದೂರವನ್ನು 1 ಎಂದಿಟ್ಟರೆ ಗುರುವಿನ ದೂರ 5.2. ಒಂದು ಸುತ್ತಿಗೆ ಹಿಡಿಯುವ ಕಾಲ 11.86 ವರ್ಷ. 5.2ರ ಘನ 140.6, 11.86ರ ವರ್ಗವೂ 140.6ರ ಹತ್ತಿರವೇ. ಮನೆಯಲ್ಲಿ ಮಕ್ಕಳು ಶನಿಗ್ರಹಕ್ಕೂ ಮಂಗಳಕ್ಕೂ ಇದೇ ಲೆಕ್ಕ ಮಾಡಿ ನೋಡಬಹುದು. ಬಾಯಿಪಾಠಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ.

ನಿಯಮ ದೃಢವಾದ ಎಂಟೇ ದಿನಕ್ಕೆ, ಮೇ 23ರಂದು, ಪ್ರಾಗ್ ನಗರದಲ್ಲಿ ಚಕ್ರವರ್ತಿಯ ಅಧಿಕಾರಿಗಳನ್ನು ಕಿಟಕಿಯಿಂದ ಹೊರಗೆಸೆದರು. ಮೂವತ್ತು ವರ್ಷಗಳ ಯುದ್ಧ ಆರಂಭವಾಯಿತು.

ಅತ್ತ ಲಿಯೋನ್‌ಬರ್ಗಿನಲ್ಲಿ ಹಳೆಯ ಗಾಯಗಳೆಲ್ಲ ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಒಮ್ಮೆ ಒಬ್ಬಳಿಗೆ ಮಾಟಗಾತಿ ಎಂಬ ಹೆಸರು ಬಿದ್ದರೆ ಮುಗಿಯಿತು, ಊರಿನಲ್ಲಿ ಸತ್ತ ಕರುವಿನಿಂದ ಹಿಡಿದು ತೊಡೆನೋವಿನವರೆಗೆ ಎಲ್ಲದಕ್ಕೂ ಅವಳೇ ಕಾರಣ. ದರ್ಜಿಯ ಎರಡು ಮಕ್ಕಳು ಸತ್ತದ್ದು ಆಕೆಯಿಂದ. ಕಟುಕನಿಗೆ ತೊಡೆ ಹಿಡಿದುಕೊಂಡದ್ದು ಆಕೆ ಪಕ್ಕದಲ್ಲಿ ಹಾದುಹೋದದ್ದರಿಂದ. ಆಕೆಯ ಇನ್ನೊಬ್ಬ ಮಗ, ತಂದೆಯ ಹೆಸರನ್ನೇ ಹೊತ್ತು ತಂದೆಯಂತೆಯೇ ಸೈನಿಕನಾಗಿ ಅಲೆದು ಕಾಯಿಲೆಬಿದ್ದು ಮನೆಗೆ ಬಂದವನು, ಯಾವುದೋ ಸಿಟ್ಟಿನಲ್ಲಿ, ತಾಯಿ ಕರುವಿನ ಮೇಲೆ ಸವಾರಿ ಮಾಡಿ ಸಾಯಿಸಿ ತನಗೆ ಅಡಿಗೆ ಮಾಡಿ ಬಡಿಸಲು ಹೊರಟಿದ್ದಳು ಎಂದು ಹೇಳಿಕೊಂಡು ತಿರುಗಿದ್ದ. ಆ ಮಾತೂ ಕಡತ ಸೇರಿತು.

ಅತಿ ವಿಚಿತ್ರವಾದುದು ತಲೆಬುರುಡೆಯ ಸಂಗತಿ. ಕಥರೀನಾ ಸ್ಮಶಾನದಲ್ಲಿ ಗುಂಡಿ ತೋಡುವವನ ಬಳಿ ಹೋಗಿ ತನ್ನ ತಂದೆಯ ಬುರುಡೆ ತೆಗೆದುಕೊಡು ಎಂದು ಕೇಳಿದ್ದು ನಿಜ. ಬೆಳ್ಳಿ ಕಟ್ಟಿಸಿ ಅದನ್ನು ಬಟ್ಟಲು ಮಾಡಿ ಯೊಹಾನೆಸ್‌ಗೆ ಉಡುಗೊರೆ ಕೊಡಬೇಕೆಂಬುದು ಆಕೆಯ ಆಸೆ! ಹಿಂದಿನವರು ಹಾಗೆ ಮಾಡುತ್ತಿದ್ದರೆಂದು ಚರ್ಚಿನ ಪ್ರವಚನದಲ್ಲಿ ಕೇಳಿದ್ದಳಂತೆ. ಇಂಥ ತಾಯಿಯನ್ನು ಬಚಾವು ಮಾಡುವುದು ಯಾವ ವಕೀಲನಿಗೂ ಸುಲಭವಲ್ಲ.

1620ರ ಆಗಸ್ಟ್ 7ರ ಬೆಳಗಿನ ಜಾವ, ಹಾಯ್ಮಾಡೆನ್ ಎಂಬ ಹಳ್ಳಿಯಲ್ಲಿ ಪಾದ್ರಿಯ ಹೆಂಡತಿಯಾಗಿದ್ದ ಮಗಳು ಮಾರ್ಗರೆಟಾಳ ಮನೆಯಲ್ಲಿ ಕಥರೀನಾ ಮಲಗಿದ್ದಾಗ ಬಂಧಿಸಲು ಜನ ಬಂದರು. ಸದ್ದಾಗಬಾರದೆಂದು ಆಕೆಯನ್ನು ಬಟ್ಟೆಬರೆ ಇಡುವ ಮರದ ಪೆಟ್ಟಿಗೆಯಲ್ಲಿ ಹಾಕಿ ಹೊರಕ್ಕೆ ಹೊತ್ತರು. ಮೊದಲು ಲಿಯೋನ್‌ಬರ್ಗ್, ಆಮೇಲೆ ಗ್ಯೂಗ್ಲಿಂಗೆನ್ ಎಂಬ ಊರಿನ ಸೆರೆ. ಕಾಲಿಗೆ ಸರಪಳಿ, ಕಾವಲಿಗೆ ಇಬ್ಬರು. ಕಾವಲುಗಾರರ ಕೂಲಿ, ಅವರು ಉರಿಸುವ ಸೌದೆಯ ಖರ್ಚು ಆಕೆಯ ಆಸ್ತಿಯಿಂದಲೇ ವಸೂಲಿ. ಎಪ್ಪತ್ತು ದಾಟಿ, ಸರಪಳಿಯಲ್ಲಿ ಬಿದ್ದಿರುವ ಮುದುಕಿಗೆ ಇಬ್ಬರು ಕಾವಲು ಏಕೆ, ಇಷ್ಟು ಸೌದೆ ಏಕೆ ಎಂದು ಗಣಿತಜ್ಞ ಮಗ ಅರ್ಜಿ ಗುಜರಾಯಿಸಬೇಕಾಯಿತು. ಕ್ರಿಸ್ಟಾಫ್ ಮತ್ತು ಅಳಿಯ ಪಾದ್ರಿ ತಮ್ಮ ಮರ್ಯಾದೆಯ ಚಿಂತೆಯಲ್ಲಿ ಹಿಂದೆ ಸರಿದರು. ಅವರನ್ನು ಬೈಯುವುದು ಸುಲಭ. ಆದರೆ ಅವರು ಅದೇ ನೆರೆಹೊರೆಯ ನಡುವೆ ನಾಳೆಯೂ ಬದುಕಬೇಕಾದವರು; ಯೊಹಾನೆಸ್ ಹೊರಗಿನಿಂದ ಬಂದವನು. ತಾಯಿಯ ಜೊತೆ ಕಡೆಯವರೆಗೆ ಗಟ್ಟಿಯಾಗಿ ನಿಂತ ಇನ್ನೊಬ್ಬಳೆಂದರೆ ಮಾರ್ಗರೆಟಾ.

ಮಗಳು ಬರೆದ ಪತ್ರ ತಲುಪಿದೊಡನೆ ಕೆಪ್ಲರ್ ಲಿಂಟ್ಸ್ ಬಿಟ್ಟ. ಯುದ್ಧದ ದಾರಿಯಲ್ಲಿ ಸಂಸಾರವನ್ನು ರೇಗನ್ಸ್‌ಬರ್ಗ್ ನಗರದಲ್ಲಿಳಿಸಿ, ಸೆಪ್ಟೆಂಬರ್ ಕೊನೆಗೆ ಗ್ಯೂಗ್ಲಿಂಗೆನ್ ಸೇರಿದ. ಮುಂದಿನ ಒಂದು ವರ್ಷ ಆತನ ಮುಖ್ಯ ಕೆಲಸ ಗ್ರಹಗಳದ್ದಲ್ಲ, ಈ ಕಡತದ್ದು. ವಿಚಾರಣೆಗೆ ಆತ ಬಂದು ನಿಂತದ್ದನ್ನು ಕಂಡು ನ್ಯಾಯಾಲಯದ ಗುಮಾಸ್ತೆ, ಕೈದಿ ದುರದೃಷ್ಟವಶಾತ್ ಗಣಿತಜ್ಞ ಮಗನ ನೆರವಿನೊಂದಿಗೆ ಹಾಜರಾಗಿದ್ದಾಳೆ ಎಂಬರ್ಥದ ಮಾತನ್ನು ದಾಖಲೆಯಲ್ಲಿ ಬರೆದ. ಆ 'ದುರದೃಷ್ಟವಶಾತ್' ಎಂಬ ಒಂದು ಪದವೇ ಅಲ್ಲಿಯ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದನ್ನು ಹೇಳುತ್ತದೆ.

ಕೆಪ್ಲರ್ ಮೊದಲು ಹಿಡಿದ ಪಟ್ಟು: ಎಲ್ಲವೂ ಬರಹದಲ್ಲಿರಬೇಕು. ಆರೋಪ ಬರಹದಲ್ಲಿ, ಉತ್ತರವೂ ಬರಹದಲ್ಲಿ. ಊರ ಬಾಯಿಗೆ ಉತ್ತರವಿಲ್ಲ. ಕಾಗದದ ಮೇಲೆ ದಿನಾಂಕ ಸಹಿತ ಬರೆದ ಮಾತನ್ನು ಮಾತ್ರ ಪರೀಕ್ಷಿಸಬಹುದು. ಆಮೇಲೆ ಒಂದೊಂದೇ ಸಾಕ್ಷಿಯನ್ನು ಹಿಡಿದು, ಯಾರು, ಯಾವಾಗ, ಮೊದಲು ಏನು ಹೇಳಿದ್ದರು, ಈಗ ಏನು ಹೇಳುತ್ತಿದ್ದಾರೆ ಎಂದು ಜೋಡಿಸಿದ. ಮಂಗಳನ ಕಕ್ಷೆಗಾಗಿ ಟೈಕೋ ಬ್ರಾಹೆಯ ವೀಕ್ಷಣೆಗಳನ್ನು ಹೇಗೆ ಒಂದಕ್ಕೊಂದು ತಾಳೆ ನೋಡಿದ್ದನೋ ಹಾಗೆಯೇ. ಉರ್ಸುಲಾಳ ಕಾಯಿಲೆ ಆ ಕಹಿ ಪಾನೀಯಕ್ಕಿಂತ ಹಳೆಯದು. ಆಕೆ ಸಿಕ್ಕಸಿಕ್ಕ ಔಷಧಿ ಸೇವಿಸಿದ್ದಳು. ಇಟ್ಟಿಗೆಯ ಹುಡುಗಿಯ ಕೈ ಜೋಮು ಹಿಡಿದದ್ದು ಭಾರ ಹೊತ್ತದ್ದರಿಂದ. ಕೆಲವು ದಿನಗಳಲ್ಲೇ ಸರಿಹೋಗಿತ್ತು.

ಶಾಲಾ ಮಾಸ್ತರನ ಸಾಕ್ಷಿ ಎಲ್ಲಕ್ಕಿಂತ ನೋವಿನದು. ಬಾಯ್ಟೆಲ್ಸ್‌ಪಾಖರ್ ಎಂಬ ಈತ ಬಾಲ್ಯದಲ್ಲಿ ಯೊಹಾನೆಸ್‌ನ ಜೊತೆ ಓದಿದವನು. ದೂರದ ಮಗನಿಂದ ಕಾಗದ ಬಂದಾಗಲೆಲ್ಲ ಕಥರೀನಾ ಅದನ್ನು ಈತನ ಬಳಿ ತಂದು ಓದಿಸಿಕೊಳ್ಳುತ್ತಿದ್ದಳು. ಈಗ ಆತನೇ, ಈಕೆ ಕೊಟ್ಟ ವೈನ್ ಕುಡಿದು ತನ್ನ ಕಾಲು ಹೋಯಿತು ಎಂದ. ಮಾಸ್ತರ ಕುಂಟನಾದದ್ದು ಭಾರ ಹೊತ್ತು ಹಳ್ಳ ಜಿಗಿಯಲು ಹೋಗಿ ಬಿದ್ದದ್ದರಿಂದ ಎಂದು ಕೆಪ್ಲರ್ ತೋರಿಸಿಕೊಟ್ಟ.

ವಿಚಾರಣೆಯಲ್ಲಿ ಕಥರೀನಾ ಅಳಲಿಲ್ಲ ಎಂಬುದೂ ಒಂದು ಆರೋಪ. ಮಾಟಗಾತಿಯರಿಗೆ ಕಣ್ಣೀರು ಬರುವುದಿಲ್ಲವೆಂದು ನಂಬಿಕೆ. ಜೀವನದಲ್ಲಿ ಅತ್ತೂ ಅತ್ತೂ ಕಣ್ಣೀರು ಬತ್ತಿಹೋಗಿದೆ ಎಂದಳು ಆಕೆ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಲೋಕದಲ್ಲಿ ಮಾಟಗಾತಿಯರೇ ಇಲ್ಲ ಎಂದು ಕೆಪ್ಲರ್ ವಾದಿಸಲಿಲ್ಲ. ಆತನೂ ಆ ಕಾಲದವನೇ, ಜಾತಕ ಬರೆದು ಹೊಟ್ಟೆ ಹೊರೆದವನು. ಈ ಹೆಂಗಸು ಮಾಟ ಮಾಡಿದಳು ಎನ್ನಲು ಈ ಸಾಕ್ಷಿಗಳು ಸಾಲವು ಎಂದಷ್ಟೇ ಆತನ ವಾದ. ಸಾಕಷ್ಟು ಸುಳಿವಿಲ್ಲದೆ ಯಾರನ್ನೂ ಚಿತ್ರಹಿಂಸೆಗೆ ಒಳಪಡಿಸಬಾರದೆಂದು 1532ರಷ್ಟು ಹಿಂದೆಯೇ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ದಂಡಸಂಹಿತೆ ಹೇಳಿತ್ತು. ಬಾಗಿಲು ಅಲ್ಲಿತ್ತು, ಕೆಪ್ಲರ್ ಅದನ್ನೇ ತಟ್ಟಿದ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರಾಧ್ಯಾಪಕನಾಗಿದ್ದ ಹಳೆಯ ಸ್ನೇಹಿತ ಕ್ರಿಸ್ಟಾಫ್ ಬೆಸೋಲ್ಡ್ ಕಾನೂನಿನ ಎಳೆಗಳನ್ನು ಬಿಡಿಸಿಕೊಟ್ಟ. 1621ರ ಆಗಸ್ಟ್‌ನಲ್ಲಿ ಸಲ್ಲಿಸಿದ ಕೊನೆಯ ಪ್ರತಿವಾದ 128 ಪುಟಗಳದ್ದು. ಅದರಲ್ಲಿ ಬಹಳಷ್ಟು ಕೆಪ್ಲರನ ಕೈಬರಹವೇ.

ಕಡತ ಅಭಿಪ್ರಾಯಕ್ಕಾಗಿ ಟ್ಯೂಬಿಂಗೆನ್‌ನ ಕಾನೂನು ಪಂಡಿತರಿಗೆ ಹೋಯಿತು. ಅವರು ಪೂರ್ತಿ ಬಿಡುಗಡೆ ಎನ್ನಲಿಲ್ಲ, ಹಿಂಸೆಯೂ ಬೇಡ ಎಂದರು. ಹಿಂಸೆಯ ಉಪಕರಣಗಳನ್ನು ತೋರಿಸಿ ಹೆದರಿಸಿ ಕೇಳಿ, ಮೈ ಮಾತ್ರ ಮುಟ್ಟಬೇಡಿ ಎಂಬುದು ಆದೇಶ. 1621ರ ಸೆಪ್ಟೆಂಬರ್ 28ರಂದು ಕಥರೀನಾಳನ್ನು ಆ ಕೋಣೆಗೆ ಕರೆದೊಯ್ದರು. ಕೊಲೆಗಡುಕನಂಥ ಆಳು ಒಂದೊಂದೇ ಸಾಧನ ಎತ್ತಿ ತೋರಿಸಿದ. ಮುಂದೆ ಅನುಭವಿಸಬೇಕಾದ ನೋವನ್ನು ವಿವರಿಸಿದರು. ಆ ದಿನ ಮಗ ಪಕ್ಕದಲ್ಲಿರಲಿಲ್ಲ. ಬೇಕಾದ್ದು ಮಾಡಿಕೊಳ್ಳಿ, ಮೈಯೊಳಗಿನ ಒಂದೊಂದು ನರ ಎಳೆದು ತೆಗೆದರೂ ಒಪ್ಪಿಕೊಳ್ಳುವಂಥದ್ದು ತನ್ನಲ್ಲಿ ಏನೂ ಇಲ್ಲ ಎಂದಳು ಆ ವೃದ್ಧೆ. ಮೊಣಕಾಲೂರಿ ಪ್ರಾರ್ಥನೆ ಹೇಳಿದಳು. ಸತ್ಯವನ್ನು ದೇವರೇ ಬೆಳಕಿಗೆ ತರುತ್ತಾನೆ ಎಂದಳು.

ಕೆಲವು ದಿನಗಳಲ್ಲಿ ಡ್ಯೂಕ್ ಬಿಡುಗಡೆಗೆ ಆಜ್ಞೆ ಮಾಡಿದ. ಹದಿನಾಲ್ಕು ತಿಂಗಳ ಸರಪಳಿ ಕಳಚಿತು. ಲಿಯೋನ್‌ಬರ್ಗಿಗೆ ಮರಳಿದರೆ ಹೊಡೆದು ಕೊಲ್ಲುತ್ತೇವೆ ಎಂದು ಊರವರು ಹೇಳುತ್ತಿದ್ದರು. ಆಕೆ ಅಲ್ಲಿಗೆ ಹೋಗಲಿಲ್ಲ. 1622ರ ಏಪ್ರಿಲ್‌ನಲ್ಲಿ, ಬಿಡುಗಡೆಯಾಗಿ ಆರು ತಿಂಗಳಿಗೆ, ತೀರಿಕೊಂಡಳು. ಯೊಹಾನೆಸ್ ಆಗ ಲಿಂಟ್ಸ್‌ನಲ್ಲಿದ್ದ.

ಆತನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. 1609ರ ಸುಮಾರಿಗೆ ಆತ 'ಸೋಮ್ನಿಯಂ', ಅಂದರೆ 'ಕನಸು' ಎಂಬ ಕಥೆ ಬರೆದಿದ್ದ. ಚಂದ್ರನ ಮೇಲೆ ನಿಂತು ನೋಡಿದರೆ ಭೂಮಿ ಹೇಗೆ ಕಾಣುತ್ತದೆ, ಅಲ್ಲಿ ಹಗಲು ರಾತ್ರಿ ಎಷ್ಟು ಉದ್ದ ಎಂದು ತಿಳಿಸಲು ಕಟ್ಟಿದ ಕಥೆ. ಅದರ ನಾಯಕ ಟೈಕೋ ಬ್ರಾಹೆಯ ಬಳಿ ಖಗೋಳ ಕಲಿಯುವ ಹುಡುಗ. ತಾಯಿ ಬೆಟ್ಟದಲ್ಲಿ ಮೂಲಿಕೆ ಆಯ್ದು ಚೀಲ ಹೊಲಿದು ನಾವಿಕರಿಗೆ ಮಾರುವವಳು. ಚಂದ್ರಲೋಕದ ದಾರಿ ಬಲ್ಲ ಭೂತವನ್ನು ಕರೆಯಬಲ್ಲವಳು. ಹಸ್ತಪ್ರತಿ ಯಾರಯಾರದೋ ಕೈ ಸೇರಿತ್ತು. ಅದು ಟ್ಯೂಬಿಂಗೆನ್ ಮುಟ್ಟಿ, ಕ್ಷೌರದಂಗಡಿಗಳ ಹರಟೆಗೆ ಬಂದು, ತನ್ನ ಮನೆಯವರಿಗೆ ಮುಳುವಾಯಿತೆಂದು ಕೆಪ್ಲರ್ ನಂಬಿದ್ದ. ಮೊಕದ್ದಮೆಯನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 2015ರಲ್ಲಿ ಪುಸ್ತಕ ಬರೆದ ಇತಿಹಾಸಕಾರ್ತಿ ಉಲಿಂಕಾ ರುಬ್ಲಾಕ್, ಆ ಕಥೆಗೂ ಮೊಕದ್ದಮೆಗೂ ಸಂಬಂಧ ಇರಲಿಲ್ಲ ಎಂದಿದ್ದಾರೆ. ಆದರೆ ಕೆಪ್ಲರನಿಗೆ ಅದನ್ನು ಹೇಳಲು ಆಗ ಯಾರಿದ್ದರು?

ಆತ ಕಥೆಯನ್ನು ಸುಟ್ಟುಹಾಕಲಿಲ್ಲ. ತಾಯಿಯ ಮರಣದ ನಂತರದ ವರ್ಷಗಳಲ್ಲಿ ಅದಕ್ಕೆ 223 ಟಿಪ್ಪಣಿಗಳನ್ನು ಬರೆದು, ಇಲ್ಲಿಯ ಭೂತ ಎಂದರೆ ಖಗೋಳಶಾಸ್ತ್ರ, ಇಲ್ಲಿಯ ತಾಯಿ ಎಂದರೆ ಅಜ್ಞಾನದಲ್ಲಿಯೂ ಜ್ಞಾನವನ್ನು ಹೆತ್ತವಳು ಎಂದೆಲ್ಲ ವಿವರಿಸುತ್ತ ಹೋದ. ಟಿಪ್ಪಣಿ ಕಥೆಗಿಂತ ಎಷ್ಟೋ ಪಟ್ಟು ದೊಡ್ಡದಾಯಿತು. ಅದರ ಅಚ್ಚಿನ ಕೆಲಸ ಮುಗಿಯುವ ಮೊದಲೇ, 1630ರ ನವೆಂಬರ್ 15ರಂದು, ಬಾಕಿ ಹಣ ವಸೂಲಿಗೆಂದು ಹೋಗಿದ್ದವನು ರೇಗನ್ಸ್‌ಬರ್ಗ್‌ನಲ್ಲಿ ಜ್ವರದಿಂದ ಸತ್ತ. ಕೆಲಸ ಮುಂದುವರಿಸಿದ ಅಳಿಯನೂ ಸತ್ತ. ಕೊನೆಗೆ ವೈದ್ಯ ಓದಿದ್ದ ಮಗ ಲುಡ್ವಿಗ್, ಕೈಯಲ್ಲಿ ಕಾಸಿಲ್ಲದ ಮಲತಾಯಿಯ ಒತ್ತಾಯಕ್ಕೆ, 1634ರಲ್ಲಿ ಅದನ್ನು ಹೊರತಂದ. ಸೊಪ್ಪು ಆಯುವ ಆ ತಾಯಿ ಪುಸ್ತಕದಲ್ಲಿ ಹಾಗೆಯೇ ಉಳಿದಿದ್ದಾಳೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆಯ ಮೇಲೆ ಬಟ್ಟೆ ಹೊದ್ದು ಚಂದ್ರನ ದಾರಿ ಬಲ್ಲವನಿಗಾಗಿ ಕಾಯುತ್ತ.